ವಿಕಿ ಪೇಜು ಹಳತಾಗಿದೆ, ಸರಿ ಮಾಡುದು ಯಾರು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಲಿನಕ್ಸ್ (ವಿಂಡೋಸಿನ ಬದಲು ಹಾಕುವ ಫ್ರೀ ಆಪರೇಟಿಂಗ್ ಸಿಸ್ಟಮ್) ಹಾಕುವ ಬಗ್ಗೆ ನಾಲ್ಕು ಮಾತು ಬರೆದದ್ದೇ ಬರೆದದ್ದು, ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ರಾಗ. ನೆಟ್‌ನಲ್ಲಿ ನೋಡಿ ಮಾಡಿದೆವು, ಅಲ್ಲಿ ಬರೆದ ಹಾಗೆ ಇಲ್ಲಿ ಇಲ್ಲ, ಅದನ್ನು ಯಾರು ಸರಿ ಮಾಡ್ತಾರೆ ಅಂತ. ಆದ್ದರಿಂದ ಮೊಬೈಲ್ ಬಿಸಿಯಾಗುವವರು, ಪ್ರಿಂಟರ್ ಕೈಕೊಟ್ಟವರು ಎಲ್ಲ ಬೇಜಾರು ಮಾಡ್ಕೊಳ್ಬೇಡಿ, ನಿಮ್ಮದು ಮುಂದಿನ ಸಲಕ್ಕೆ.

ಪ್ರಶ್ನೆ: ನಮಸ್ಕಾರ ಸಾರ್. ನಾನು ಇಲ್ಲೊಂದು ಡಿಗ್ರಿ ಕಾಲೇಜಿನಲ್ಲಿ ಲೈಬ್ರೇರಿಯನ್. ನಮ್ಮಲ್ಲಿ ಕೊಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಉಂಟು. ಹೊಸ ಕಂಪ್ಯೂಟರ್ ಬಂತು ಅಂತ ಅದಕ್ಕೆ ಕೊಹಾ ಹಾಕ್ಲಿಕ್ಕೆ ಹೊರಟೆ, ನೆಟ್‌ನಲ್ಲಿ ಸಿಕ್ಕಿದ, ಬಳಕೆದಾರರೇ ಬರೆದು ತಿದ್ದುವ ವಿಕಿಯೊಂದರ ಪೇಜು ಇಟ್ಕೊಂಡು ಒಂದೊಂದೇ ಕಮಾಂಡ್ ಕಾಪಿ ಮಾಡಿದೆ, ಶುರುವಿನಲ್ಲೇ ಕೀ ಅಂತ ಎಂತದೋ ಹೇಳಿ ನಿಂತಿತು. ಪೇಜು ಹಳೇದು ಅಂತ ಆಮೇಲೆ ಗೊತ್ತಾಯ್ತು. ಇದನ್ನು ಯಾರಿಗೆ ಹೇಳುದು? ನಾನೇ ತಿದ್ದಬಹುದಾ? ನಾನು ಕಂಪ್ಯೂಟರ್ ಸಾಯನ್ಸ್ ಓದಿದವಳಲ್ಲ, ಇಂಗ್ಲಿಷೂ ಅಷ್ಟಕ್ಕಷ್ಟೆ. (ಓದುಗರೊಬ್ಬರು, ಉಡುಪಿ)

ಉತ್ತರ: ತಿದ್ದಬಹುದಾ ಅಲ್ಲ ಮೇಡಂ, ನೀವೇ ತಿದ್ಬೇಕು. ಯಾಕೆ ಕೇಳಿ. ಆ ಪೇಜು ಬರೆದವರ ಕಂಪ್ಯೂಟರಿನಲ್ಲಿ ಕೊಹಾ ಯಾವತ್ತೋ ಓಡ್ತಾ ಉಂಟು, ಅವರು ಆ ಪೇಜಿಗೆ ಇನ್ನೊಮ್ಮೆ ಬರುವ ಕೆಲಸವೇ ಇಲ್ಲ. ಕೊಹಾ ಅರೆದು ಕುಡಿದವರಿಗೆ ಕಮಾಂಡ್ ಬಾಯಿಪಾಠ, ಅವರೂ ಓದುದಿಲ್ಲ. ಪೇಜು ತಪ್ಪಿದೆ ಅಂತ ಗೊತ್ತಾಗುದು ಅದನ್ನು ನಂಬಿ ಎಡವಿದವರಿಗೆ ಮಾತ್ರ, ಮತ್ತೆ ಅವರಲ್ಲಿ ಹೆಚ್ಚಿನವರು ಎಂತ ಮಾಡ್ತಾರೆ ಅಂದ್ರೆ ಇನ್ನೆಲ್ಲೋ ಹುಡುಕಿ ಕೆಲಸ ಮುಗಿಸಿ ಹೋಗಿಬಿಡ್ತಾರೆ, ಪೇಜು ಹಾಗೇ ಉಳೀತದೆ, ನಾಳೆ ಕಾರ್ಕಳದ ಇನ್ಯಾವುದೋ ಲೈಬ್ರರಿಯವರು ಅದೇ ಜಾಗದಲ್ಲಿ ಎಡವ್ತಾರೆ. ಮತ್ತೆ ಈ ಕಂಪ್ಯೂಟರ್ ಸಾಯನ್ಸ್ ವಿಷಯ, ಕೊಹಾ ಹುಟ್ಟಿದ್ದೇ ನ್ಯೂಜಿಲೆಂಡಿನ ಹೊರೊಫೆನುವಾ ಅನ್ನುವ ಕಡೆಯ ಲೈಬ್ರರಿಯವರಿಗೆ ತಮ್ಮ ಹಳೇ ಸಾಫ್ಟ್‌ವೇರ್ ಸಾಕಾಗಿ ಹೋದದ್ದರಿಂದ, 2000ದ ಜನವರಿಯಲ್ಲಿ ಅಲ್ಲಿ ಶುರುವಾದದ್ದು ಇವತ್ತು ನಿಮ್ಮ ಟೇಬಲ್ಲಿಗೆ ಬಂದಿದೆ. ಲೈಬ್ರರಿಯವರ ಮಾತಿಗೆ ಆ ಬಳಗದಲ್ಲಿ ಬೆಲೆ ಉಂಟು.

ಈಗ ಮೊದಲು ನೋಡ್ಲಿಕ್ಕಿರುದು ಪೇಜು ಎಷ್ಟು ಹಳೇದು ಅಂತ. ಅಡಿಯಲ್ಲಿ 'ಕೊನೆಯ ಬದಲಾವಣೆ' ಅಂತ ಒಂದು ತಾರೀಕು ಇರ್ತದಲ್ಲ, ಅದನ್ನು ನಂಬ್ಲಿಕ್ಕೆ ಹೋಗ್ಬೇಡಿ. ಯಾರೋ ಒಬ್ಬ ಸ್ಪೆಲ್ಲಿಂಗ್ ತಿದ್ದಿರ್ತಾನೆ, ಇಲ್ಲ ಬಾಟ್ (ತನ್ನಷ್ಟಕ್ಕೆ ತಿದ್ದುವ ಪ್ರೋಗ್ರಾಮ್) ಬಂದು ಕೆಟಗರಿ ಸೇರಿಸಿರ್ತದೆ, ತಾರೀಕು ಹೊಸತಾಗಿಬಿಡ್ತದೆ, ಒಳಗಿನ ಕಮಾಂಡ್ ಮಾತ್ರ ಅಜ್ಜನ ಕಾಲದ್ದು. ಮೇಲೆ ಹಿಸ್ಟರಿ ಟ್ಯಾಬ್ ಒತ್ತಿ, ಎರಡು ಆವೃತ್ತಿ ಆರಿಸಿ ಪಕ್ಕಪಕ್ಕ ಇಟ್ಟು ನೋಡಿ, ನಿಮಗೆ ಬೇಕಾದ ಸಾಲು ಯಾವಾಗ ಬಂತು ಅಂತ ಸಿಕ್ಕಿಬಿಡ್ತದೆ. ಕೊಹಾದಲ್ಲಿ ಇನ್ನೊಂದು ಸುಲಭದ ಗುರುತುಂಟು. ಅದರ ವರ್ಷನ್ ನಂಬರೇ ಈಗ ವರ್ಷ ಮತ್ತು ತಿಂಗಳು, 24.05 ಅಂದ್ರೆ 2024ರ ಮೇ, 23.11 ಅಂದ್ರೆ 2023ರ ನವೆಂಬರ್, ಆರಾರು ತಿಂಗಳಿಗೆ ಒಂದು ಬರ್ತದೆ. 2016ರ ಮೇ ತಿಂಗಳಿಗೆ ಮೊದಲು 3.22, 3.20 ಅಂತೆಲ್ಲ ಇತ್ತು. ಅಂದ್ರೆ ಪೇಜಿನ ಯಾವುದೋ ಮೂಲೆಯಲ್ಲಿ 3.22 ಕಂಡ್ರೆ ಸಾಕು, ಆ ಸಾಲು 2015ರ ಆಸುಪಾಸಿನದ್ದು ಅಂತ ಕಣ್ಣುಮುಚ್ಚಿ ಹೇಳಬಹುದು.

ನಿಮ್ಮ ಕಂಪ್ಯೂಟರ್ ನಿಂತದ್ದು ಎಲ್ಲಿ ಅಂತ ನಿಮ್ಮ ಪತ್ರದಲ್ಲೇ ಗೊತ್ತಾಗ್ತದೆ. ಹಳೇ ಪೇಜುಗಳಲ್ಲಿ ಇಳಿಸಿ ಹಾಕುವ ಪ್ಯಾಕೇಜು ಅಸಲಿಯಾ ಅಂತ ಪರೀಕ್ಷಿಸುವ ಕೀ ಸೇರಿಸ್ಲಿಕ್ಕೆ 'ಆಪ್ಟ್-ಕೀ ಆಡ್' ಅಂತ ಒಂದು ಕಮಾಂಡ್ ಇರ್ತದೆ. ಲಿನಕ್ಸಿನ ಬಗೆಗಳಾದ ಡೆಬಿಯನ್, ಉಬುಂಟು ಎರಡೂ ಅದನ್ನು ಕೈಬಿಡ್ತಾ ಬಂದಿವೆ, ಮೊದಲು ಎಚ್ಚರಿಕೆ ಕೊಡ್ತಿತ್ತು, ಹೊಸ ವರ್ಷನ್‌ಗಳಲ್ಲಿ ಆ ಕಮಾಂಡೇ ಇಲ್ಲ. ಈಗಿನ ಕ್ರಮ ಎಂತದ್ದು ಅಂದ್ರೆ ಕೀಯನ್ನು ಕೀರಿಂಗ್ಸ್ ಫೋಲ್ಡರಿನಲ್ಲಿ ಒಂದು ಫೈಲಾಗಿ ಇಡುದು, ರೆಪೊಸಿಟರಿಯ (ಪ್ಯಾಕೇಜು ಸಿಗುವ ತಾಣದ) ಸಾಲಿನಲ್ಲಿ 'ಸೈನ್ಡ್-ಬೈ' ಅಂತ ಆ ಫೈಲಿನ ದಾರಿ ಬರೆಯುದು. ಇಷ್ಟೇ ವ್ಯತ್ಯಾಸ, ಆದ್ರೆ ಗೊತ್ತಿಲ್ಲದವರಿಗೆ ಅರ್ಧ ದಿನ ಹೋಗ್ತದೆ.

ತಿದ್ದುವಾಗ ಇಂಗ್ಲಿಷ್ ಚಂದ ಇರ್ಬೇಕಂತ ಎಂತ ಇಲ್ಲ. ಒಂದು ಸಾಲು ಸಾಕು: ಇಂಥ ತಾರೀಕಿಗೆ, ಡೆಬಿಯನ್ ಇಷ್ಟರಲ್ಲಿ, ಕೊಹಾ ಇಷ್ಟರಲ್ಲಿ, ಹೀಗೆ ಮಾಡಿದೆ, ಆಯ್ತು. ಪರದೆ ಮೇಲೆ ಬಂದ ಎರರ್ ಮೆಸೇಜನ್ನು ಒಂದಕ್ಷರ ಬಿಡದೆ ಇದ್ದ ಹಾಗೆ ಅಂಟಿಸಿ, ನಿಮ್ಮ ಮಾತಿನಲ್ಲಿ ಬರೀಲಿಕ್ಕೆ ಹೋಗ್ಬೇಡಿ, ಯಾಕಂದ್ರೆ ನಾಳೆ ಎಡವುವವರು ಗೂಗಲ್‌ಗೆ ಹಾಕುದು ಅದೇ ಮೆಸೇಜನ್ನು. ಪರಿಹಾರ ಗೊತ್ತಾಗದಿದ್ರೂ ಪರವಾಗಿಲ್ಲ, ಈ ಹೆಜ್ಜೆ ಈ ವರ್ಷನ್‌ನಲ್ಲಿ ನಡೆಯುದಿಲ್ಲ ಅಂತ ಬರೆದಿಟ್ರೂ ದೊಡ್ಡ ಉಪಕಾರ. ಸ್ಪ್ಯಾಮ್ ಕಾಟದಿಂದ ಕೆಲವು ವಿಕಿಗಳಲ್ಲಿ ಅಕೌಂಟ್ ಕೇಳಿ ಪಡೀಬೇಕಾಗ್ತದೆ, ಒಂದೆರಡು ದಿನ ಕಾಯಿರಿ. ಮತ್ತೆ ಒಂದು ಮಾತು, ಕೊಹಾಕ್ಕೆ ವಿಕಿಯಲ್ಲದೆ ಬೇರೆಯೇ ಒಂದು ಅಧಿಕೃತ ಮ್ಯಾನುಯಲ್ ಉಂಟು, ಪ್ರತಿ ವರ್ಷನ್‌ಗೆ ಬೇರೆ ಬೇರೆ, ಸರ್ಕ್ಯುಲೇಶನ್, ಕ್ಯಾಟಲಾಗಿಂಗ್ ಇದಕ್ಕೆಲ್ಲ ಮೊದಲು ಅದನ್ನೇ ನೋಡಿ.

ಪ್ರಶ್ನೆ: ನಾವು ಕೆಲವರು ಸೇರಿ ಒಂದು ಸಣ್ಣ ಫ್ರೀ ಸಾಫ್ಟ್‌ವೇರಿನ ವಿಕಿ ನೋಡ್ಕೊಳ್ತೇವೆ, ವಿಕಿಪೀಡಿಯ ಓಡುವ ಮೀಡಿಯಾವಿಕಿ ಸಾಫ್ಟ್‌ವೇರಿನಲ್ಲಿ ಓಡುದು. ನೂರಾರು ಪೇಜು, ಅರ್ಧಕ್ಕರ್ಧ ಹಳೇದು. ಮುಂದಿನ ರಜೆಯಲ್ಲಿ ಎಲ್ಲರೂ ಒಬ್ಬರ ಮನೆಯಲ್ಲಿ ಕೂತು ಇಡೀ ವಿಕಿ ಕ್ಲೀನ್ ಮಾಡುವ ಅಂತ ಪ್ಲಾನ್. ಚಾ, ಗೋಳಿಬಜೆ ವ್ಯವಸ್ಥೆ ಆಗಿದೆ. ಎಲ್ಲಿಂದ ಶುರು ಮಾಡುದು? (ಬಿಜೈ, ಮಂಗಳೂರು)

ಉತ್ತರ: ಗೋಳಿಬಜೆ ಇರ್ಲಿ, ಪ್ಲಾನ್ ಸ್ವಲ್ಪ ಬದಲಿಸಿ ಮಾರಾಯ್ರೆ. ಎ ಇಂದ ಶುರು ಮಾಡಿದವರು ಡಿ ದಾಟಿದ್ದನ್ನು ನಾನು ಕಂಡದ್ದಿಲ್ಲ. ಆಮೇಲೆ ಎಲ್ಲರಿಗೂ ಬೇಜಾರು, ವಿಕಿ ಅಂದ್ರೆ ದೂರ ಓಡ್ತಾರೆ.

ಜನ ನಿಜವಾಗಿ ಬರುದು ಯಾವ ಪೇಜಿಗೆ ಅಂತ ಮೊದಲು ನೋಡಿ. ಮೀಡಿಯಾವಿಕಿ ಮೊದಲೆಲ್ಲ ಪೇಜಿನ ಅಡಿಯಲ್ಲೇ ಎಷ್ಟು ಸಲ ನೋಡಿದ್ದಾರೆ ಅಂತ ತೋರಿಸ್ತಿತ್ತು, 1.25ರಿಂದ ಅದನ್ನು ತೆಗೆದುಬಿಟ್ರು, ಈಗ ಸರ್ವರ್ ಲಾಗ್ ನೋಡ್ಬೇಕು ಇಲ್ಲ ಬೇರೆ ಎಕ್ಸ್‌ಟೆನ್ಶನ್ ಹಾಕ್ಬೇಕು. ನೋಡದಿದ್ರೂ ಊಹೆ ಮಾಡಬಹುದು: ಇನ್‌ಸ್ಟಾಲ್, ಅಪ್‌ಗ್ರೇಡ್, ಬ್ಯಾಕಪ್, ಮತ್ತೆ ಆ ನಾಲ್ಕೈದು ಮಾಮೂಲಿ ಎರರ್. ಇಷ್ಟು ಪೇಜನ್ನು ಒಬ್ಬೊಬ್ಬರು ಖಾಲಿ ಮೆಶೀನ್ ಇಟ್ಕೊಂಡು, ಬರೆದದ್ದನ್ನು ಬರೆದ ಹಾಗೆ, ತಮಗೆ ಗೊತ್ತಿದ್ದದ್ದನ್ನು ಸೇರಿಸದೆ ಮಾಡಿ ನೋಡಿ. ಓದಿ 'ಸರಿ ಉಂಟು' ಅನ್ನುದು ಲೆಕ್ಕಕ್ಕಿಲ್ಲ, ಟೈಪ್ ಮಾಡಿ ನೋಡ್ಬೇಕು.

ಉಳಿದದ್ದಕ್ಕೆ ಬಲೆ ಬೀಸುವ ಕ್ರಮ ಬೇರೆ. ಸತ್ತ ಕಮಾಂಡುಗಳ ಹೆಸರನ್ನು ನಿಮ್ಮದೇ ವಿಕಿಯ ಸರ್ಚ್ ಬಾಕ್ಸಿಗೆ ಹಾಕಿ. ಮೇಲೆ ಹೇಳಿದ ಆಪ್ಟ್-ಕೀ ಒಂದು. ಪ್ರೋಗ್ರಾಮ್ ಬರೆಯುವ ಭಾಷೆ ಪೈಥಾನಿನ ಹಳೇ ವರ್ಷನ್ ಪೈಥಾನ್ 2 ಇನ್ನೊಂದು, ಅದರ ಕಥೆ 2020ರ ಜನವರಿ 1ಕ್ಕೇ ಮುಗಿದಿದೆ. ನಡುವೆ ಹೈಫನ್ ಇರುವ ಡಾಕರ್-ಕಂಪೋಸ್ (ಹಲವು ಸರ್ವಿಸ್ ಒಟ್ಟಿಗೆ ಓಡಿಸುವ ಕಮಾಂಡ್), ಆ ಹಳೇ ವರ್ಷನ್‌ಗೆ 2023ರ ಜುಲೈಯಿಂದ ಅಪ್‌ಡೇಟ್ ಇಲ್ಲ, ಈಗ ನಡುವೆ ಸ್ಪೇಸ್. ಗಿಟ್‌ಹಬ್‌ಗೆ (ಕೋಡ್ ಇಡುವ ತಾಣ) ಪುಶ್ ಮಾಡುವಾಗ, ಅಂದ್ರೆ ಕೋಡ್ ಕಳಿಸುವಾಗ, ನಿಮ್ಮ ಪಾಸ್‌ವರ್ಡ್ ಹಾಕಿ ಅಂತ ಬರೆದ ಪೇಜು ಇದ್ರೆ ಅದು 2021ರ ಆಗಸ್ಟ್ 13ರಿಂದ ಸುಳ್ಳು, ಟೋಕನ್ ಬೇಕು ಇಲ್ಲ ಎಸ್‌ಎಸ್‌ಎಚ್ ಕೀ ಬೇಕು. ಪೈಥಾನ್ ಪ್ಯಾಕೇಜು ಹಾಕ್ಲಿಕ್ಕೆ ಬರೀ ಪಿಪ್ ಇನ್‌ಸ್ಟಾಲ್ ಅಂತ ಬರೆದದ್ದನ್ನೂ ನೋಡಿ, ಡೆಬಿಯನ್ 12ರಿಂದ ಈಚೆಗೆ ಸಿಸ್ಟಮ್ ಪೈಥಾನಿಗೆ ಹಾಗೆ ಹಾಕ್ಲಿಕ್ಕೆ ಹೋದ್ರೆ ಅದು ಸೀದಾ ಬೈದು ಕಳಿಸ್ತದೆ, ಬೇರೆಯೇ ಜಾಗ ಅಂದ್ರೆ ವರ್ಚುವಲ್ ಎನ್ವಿರಾನ್‌ಮೆಂಟ್ ಮಾಡ್ಬೇಕು. ಹೀಗೆ ಹತ್ತು ಪದ ಹುಡುಕಿದ್ರೆ ಎರಡು ದಿನ ಕೂತು ಓದಿದ್ದಕ್ಕಿಂತ ಹೆಚ್ಚು ಕೊಳೆ ಸಿಗ್ತದೆ.

ಮೀಡಿಯಾವಿಕಿಯ ವಿಶೇಷ ಪುಟಗಳನ್ನೂ ತೆರೆದು ನೋಡಿ, ಬಹಳ ಜನಕ್ಕೆ ಅದಿರುದೇ ಗೊತ್ತಿಲ್ಲ. ತುಂಬ ಸಮಯದಿಂದ ಯಾರೂ ಮುಟ್ಟದ ಪೇಜುಗಳ ಪಟ್ಟಿ ಉಂಟು, ಎಲ್ಲಿಂದಲೂ ಲಿಂಕ್ ಇಲ್ಲದ ಅನಾಥ ಪೇಜುಗಳ ಪಟ್ಟಿ ಉಂಟು, ತುಂಡಾದ ರೀಡೈರೆಕ್ಟ್ (ಒಂದು ಪೇಜಿನಿಂದ ಇನ್ನೊಂದಕ್ಕೆ ಕಳಿಸುವ ದಾರಿ) ಪಟ್ಟಿ ಉಂಟು. ವರ್ಷನ್ ನಂಬರನ್ನು ಹತ್ತು ಕಡೆ ಕೈಯಿಂದ ಬರೆದಿಟ್ಟಿದ್ದೀರಾ ನೋಡಿ, ಹಾಗಿದ್ರೆ ಒಂದು ಟೆಂಪ್ಲೇಟ್ ಮಾಡಿ ಅದರಲ್ಲಿ ಮಾತ್ರ ನಂಬರ್ ಬರೆದು, ಎಲ್ಲ ಪೇಜಿನಲ್ಲಿ ಆ ಟೆಂಪ್ಲೇಟನ್ನು ಕರೀರಿ, ರಿಲೀಸ್ ಆದ ದಿನ ಒಂದೇ ಕಡೆ ತಿದ್ದಿದ್ರೆ ಆಯ್ತು.

ಮತ್ತೆ ಅಳಿಸುವ ವಿಷಯ. ನಮ್ಮವರಿಗೆ ಅಳಿಸ್ಲಿಕ್ಕೆ ಮನಸ್ಸೇ ಬರುದಿಲ್ಲ, ಯಾರೋ ಕಷ್ಟಪಟ್ಟು ಬರೆದದ್ದು, ಇರ್ಲಿ ಅಂತ. ಸ್ಟೇಟ್‌ಬ್ಯಾಂಕ್ ಅಂತ ಬೋರ್ಡ್ ಹಾಕ್ಕೊಂಡು ತಲಪಾಡಿಗೆ ಹೋಗುವ ಬಸ್ಸು ಇದ್ದರೆಷ್ಟು ಬಿಟ್ರೆಷ್ಟು? ಬಸ್ಸೇ ಇಲ್ಲದಿದ್ರೆ ಜನ ರಿಕ್ಷಾ ಆದ್ರೂ ಹಿಡೀತಾರೆ. ಪೇಜು ಇಲ್ಲದಿದ್ರೆ ಜನ ಕೇಳ್ತಾರೆ, ತಪ್ಪು ಪೇಜು ಇದ್ರೆ ಕೇಳುದೂ ಇಲ್ಲ. ಒಂದೇ ವಿಷಯಕ್ಕೆ ಮೂರು ಪೇಜಿದ್ರೆ ಎರಡನ್ನು ಒಂದಕ್ಕೆ ರೀಡೈರೆಕ್ಟ್ ಮಾಡಿ, ಒಳಗಿದ್ದದ್ದು ಹಿಸ್ಟರಿಯಲ್ಲಿ ಇದ್ದೇ ಇರ್ತದೆ, ಎಲ್ಲಿಗೂ ಹೋಗುದಿಲ್ಲ. ಹಳೇ ಮೀಟಿಂಗ್ ನೋಟ್ಸ್, ಹಳೇ ಕಾರ್ಯಕ್ರಮದ ಪೇಜು ಇದನ್ನು ಅಪ್‌ಡೇಟ್ ಮಾಡುವ ಪ್ರಶ್ನೆಯೇ ಇಲ್ಲ, ಮೇಲೊಂದು ಆರ್ಕೈವ್ ಅಂತ ಸೂಚನೆಯ ಪಟ್ಟಿ ಕಟ್ಟಿ, ನೋಇಂಡೆಕ್ಸ್ ಹಾಕಿ ಬಿಡಿ, ಗೂಗಲ್‌ನಲ್ಲಿ ಮೇಲೆ ಬರುದು ನಿಂತ್ರೆ ಸಾಕು.

ಪೇಜಿನ ಮೇಲೆ ಹಾಕುವ 'ಹಳತಾಗಿದೆ' ಅನ್ನುವ ಸೂಚನೆಯ ಪಟ್ಟಿಯ ಬಗ್ಗೆ ಒಂದು ಮಾತು. ಆರ್ಚ್ ಲಿನಕ್ಸಿನ ವಿಕಿ ನೋಡಿದ್ದೀರಲ್ಲ, ಆರ್ಚ್ ಹಾಕದವರೂ ಓದುವ ವಿಕಿ ಅದು. ಅಲ್ಲಿ ಹಾಗೆ ಪಟ್ಟಿ ಹಾಕುವಾಗ ಎಂತ ಹಳತಾಗಿದೆ ಅಂತ ಕಾರಣನೂ ಅದರಲ್ಲೇ ಬರೀಬೇಕು, ಮತ್ತೆ ಚರ್ಚೆ ಅದರದ್ದೇ ಟಾಕ್ ಪೇಜಿನಲ್ಲಿ. ಕಾರಣ ಇಲ್ಲದ ಪಟ್ಟಿ ವರ್ಷಗಟ್ಟಲೆ ಅಲ್ಲೇ ನೇತಾಡ್ತಾ ಇರ್ತದೆ, ಸರಿ ಮಾಡಿದ ಮೇಲೂ ತೆಗೀಲಿಕ್ಕೆ ಯಾರಿಗೂ ಧೈರ್ಯ ಇಲ್ಲ, ಯಾಕೆ ಹಾಕಿದ್ದು ಅಂತಲೇ ಗೊತ್ತಿಲ್ಲದಿದ್ರೆ ತೆಗೆಯುದು ಹೇಗೆ?

ಸ್ಕ್ರೀನ್‌ಶಾಟ್ ಕಮ್ಮಿ ಮಾಡಿ, ಬಟನ್ ಒಂಚೂರು ಆಚೆ ಹೋದ್ರೂ ಅದು ಕೆಲಸಕ್ಕಿಲ್ಲ.

ಇಷ್ಟು ಮಾಡಿ ಮುಂದಿನ ರಿಲೀಸಿಗೆ ಪುನಃ ಇದೇ ಕಥೆ ಆಗ್ಬಾರ್ದಲ್ಲ, ಅದಕ್ಕೆ ಕೋಡ್ ಬದಲಿಸುವವರನ್ನೇ ಹಿಡೀಬೇಕು. ಪುಲ್ ರಿಕ್ವೆಸ್ಟ್ (ಕೋಡ್ ಬದಲಾವಣೆ ಸೇರಿಸಿ ಅನ್ನುವ ಕೋರಿಕೆ) ಕಳಿಸುವ ಫಾರ್ಮಿನಲ್ಲಿ ಒಂದು ಸಾಲು ಸೇರಿಸಿ, ಇದರಿಂದ ಯಾವ ವಿಕಿ ಪೇಜು ಬದಲಾಗ್ಬೇಕು ಅಂತ. 'ಯಾವುದೂ ಇಲ್ಲ' ಅಂತ ಬರೆದ್ರೂ ಆಯ್ತು, ಒಂದು ಸಲ ಯೋಚನೆ ಮಾಡ್ತಾರಲ್ಲ. ನನ್ನ ಅಭಿಪ್ರಾಯ ಕೇಳಿದ್ರೆ, ಪ್ರತಿ ಆಪ್ಷನ್ ಏನು ಮಾಡ್ತದೆ ಅನ್ನುವ ಪಟ್ಟಿ ವಿಕಿಯಲ್ಲಿ ಇರ್ಲೇಬಾರ್ದು, ಅದು ಕೋಡಿನ ಜೊತೆ, ಕೋಡಿನ ಬದಲಾವಣೆ ದಾಖಲಿಸುವ ಗಿಟ್‌ನಲ್ಲೇ ಇರ್ಬೇಕು, ಕೋಡ್ ಬದಲಾದ ಕಮಿಟ್‌ನಲ್ಲೇ ಅದೂ ಬದಲಾಗ್ಬೇಕು. ವಿಕಿ ಬೇಕಾದ್ದು ಊರಿಗೊಂದು ಥರ ಇರುವ ವಿಷಯಕ್ಕೆ, ನಮ್ಮ ಪ್ರಿಂಟರಿಗೆ ಹೀಗೆ ಮಾಡಿದೆವು, ಕರೆಂಟ್ ಹೋಗಿ ಡೇಟಾಬೇಸ್ ಕೆಟ್ಟಾಗ ಹೀಗೆ ಮಾಡಿದೆವು ಅನ್ನುವಂಥದ್ದಕ್ಕೆ. ಒಪ್ಪದವರು ಬಹಳ ಜನ ಇದ್ದಾರೆ, ಗಿಟ್ ಕಲೀದೆ ಬರೀಲಿಕ್ಕಾಗುದಿಲ್ಲ ಅಂತ ಅವರ ತಕರಾರು, ಅದರಲ್ಲೂ ಸತ್ಯ ಉಂಟು.

ಪ್ರಶ್ನೆ: ಅಣ್ಣಾ, ನಾನು ಇಂಜಿನಿಯರಿಂಗ್ ಥರ್ಡ್ ಇಯರ್. ಒಂದು ವಿಕಿಯಲ್ಲಿ ಹಳೇ ಪೇಜು ನೋಡಿ ಇಡೀ ಪೇಜು ಹೊಸದಾಗಿ ಬರೆದು ಹಾಕಿದೆ, ಚಾಟ್‌ಬಾಟ್ ಹೆಲ್ಪ್ ತಗೊಂಡಿದ್ದೆ. ಹತ್ತು ನಿಮಿಷದಲ್ಲಿ ಯಾರೋ ರಿವರ್ಟ್ ಮಾಡಿ ಹಳೇದನ್ನೇ ವಾಪಸ್ ತಂದ್ರು. ಇನ್ನು ಮುಂದೆ ಎಡಿಟ್ ಮಾಡುದೇ ಬೇಡ ಅಂತ ಕಾಣ್ತದೆ. (ಸುರತ್ಕಲ್)

ಉತ್ತರ: ತಂಗೀ, ರಿವರ್ಟ್ ಅಂದ್ರೆ ಕೆನ್ನೆಗೆ ಹೊಡೆದದ್ದಲ್ಲ. ಎದುರಿನವರ ಕಡೆಯಿಂದ ನೋಡು, ವಾಚ್‌ಲಿಸ್ಟಿನಲ್ಲಿ (ತಾವು ಕಣ್ಣಿಟ್ಟ ಪೇಜುಗಳ ಪಟ್ಟಿ) ಅವರಿಗೆ ಕಂಡದ್ದು ಎಂತ? ಹೊಸ ಅಕೌಂಟ್, ಇಡೀ ಪೇಜು ಕೆಂಪು-ಹಸಿರು, ಸಮ್ಮರಿ ಜಾಗ ಬಹುಶಃ ಖಾಲಿ. ಏನು ಯಾಕೆ ಬದಲಾಯ್ತು ಅಂತ ಸಾಲು ಸಾಲು ನೋಡ್ಲಿಕ್ಕೆ ಅವರಿಗೂ ಪುರುಸೊತ್ತಿಲ್ಲ. ಅದೇ ಕೆಲಸವನ್ನು ತುಂಡು ತುಂಡು ಮಾಡು. ಒಂದು ಎಡಿಟ್‌ನಲ್ಲಿ ಒಂದು ವಿಷಯ, ಸಮ್ಮರಿಯಲ್ಲಿ ಅರ್ಧ ಸಾಲು ಕಾರಣ. ಪ್ಯಾರಾ ಆಚೀಚೆ ಮಾಡುದು ಒಂದು ಎಡಿಟ್, ಒಳಗಿನ ವಿಷಯ ತಿದ್ದುದು ಬೇರೆ ಎಡಿಟ್, ಎರಡನ್ನೂ ಒಟ್ಟಿಗೆ ಮಾಡಿದ್ರೆ ಡಿಫ್ (ಹಳೇದು-ಹೊಸತರ ವ್ಯತ್ಯಾಸ) ನೋಡಿದವರಿಗೆ ತಲೆ ತಿರುಗ್ತದೆ. ಈಗ ಆದದ್ದಕ್ಕೆ ಟಾಕ್ ಪೇಜಿಗೆ ಹೋಗಿ ಯಾವ ಭಾಗ ಬೇಡ ಅನ್ನಿಸಿತು ಅಂತ ಕೇಳು, ಪುನಃ ಅದನ್ನೇ ವಾಪಸ್ ಹಾಕ್ಲಿಕ್ಕೆ ಹೋಗ್ಬೇಡ, ಅದು ಜಗಳಕ್ಕೇ ಹೋಗುದು.

ಚಾಟ್‌ಬಾಟ್ ವಿಷಯ ಹೇಳ್ಲೇಬೇಕು. ಭಾಷೆ ನಯ ಮಾಡ್ಲಿಕ್ಕೆ ಅದು ಒಳ್ಳೇದೇ. ಆದ್ರೆ ಇಲ್ಲದ ಆಪ್ಷನನ್ನು ಇದ್ದ ಹಾಗೆ, ಅದೂ ಭಾರೀ ಧೈರ್ಯದಲ್ಲಿ ಬರೀತದೆ, ಮತ್ತೆ ಹಳೇ ವರ್ಷನ್ನಿನ ಸಂಗತಿಯನ್ನೂ ಹೊಸತನ್ನೂ ಕಲಸಿಬಿಡ್ತದೆ. ಹಳೇ ಪೇಜನ್ನು ನೋಡಿದವರಿಗೆ ಇದು ಹಳೇದು ಅಂತ ಸಂಶಯ ಆದ್ರೂ ಬರ್ತಿತ್ತು, ಈ ನಯವಾದ ಪೇಜಿನ ಮೇಲೆ ಸಂಶಯವೇ ಬರುದಿಲ್ಲ. ನಿನ್ನ ಕಂಪ್ಯೂಟರಿನಲ್ಲಿ ಓಡಿಸಿ ನೋಡದ ಒಂದು ಕಮಾಂಡನ್ನೂ ಹಾಕ್ಬೇಡ. ಮತ್ತೆ ಎಡಿಟ್ ಮಾಡುದು ಬಿಡ್ಬೇಡ ಮಾರಾಯ್ತಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಬಿಡುವಿನಲ್ಲಿ ಒಂದು ಸಾಫ್ಟ್‌ವೇರಿನ ಸಹಾಯ ಪುಟಗಳನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ನಾನು ಮುಗಿಸುವಷ್ಟರಲ್ಲಿ ಇಂಗ್ಲಿಷಿನದ್ದು ಬದಲಾಗಿರುತ್ತದೆ. ಇದಕ್ಕೆ ಕೊನೆ ಉಂಟೋ? (ಕುಂದಾಪುರ)

ಉತ್ತರ: ಕೊನೆ ಇಲ್ಲ ಮೇಷ್ಟ್ರೇ, ಆದ್ರೆ ಹೊರೆ ಕಮ್ಮಿ ಮಾಡ್ಲಿಕ್ಕೆ ಆಗ್ತದೆ. ನೀವು ಪೇಜನ್ನು ಕಾಪಿ ಮಾಡಿ ಬೇರೆ ಪೇಜಿನಲ್ಲಿ ಕನ್ನಡ ಬರೀತಿದ್ದೀರಿ ಅಂತ ಕಾಣ್ತದೆ, ಹಾಗೆ ಮಾಡಿದ್ರೆ ಮೂಲದಲ್ಲಿ ಎಂತ ಬದಲಾಯ್ತು ಅಂತ ನಿಮಗೆ ಗೊತ್ತಾಗುದೇ ಇಲ್ಲ. ಆ ವಿಕಿಯವರಿಗೆ ಟ್ರಾನ್ಸ್‌ಲೇಟ್ ಎಕ್ಸ್‌ಟೆನ್ಶನ್ ಹಾಕ್ಲಿಕ್ಕೆ ಹೇಳಿ. ಅದು ಪೇಜನ್ನು ಪ್ಯಾರಾ ಪ್ಯಾರಾ ತುಂಡು ಮಾಡಿ ಕೊಡ್ತದೆ, ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬದಲಾದ್ರೆ ಕನ್ನಡದಲ್ಲಿ ಅದಷ್ಟೇ ಗುಲಾಬಿ ಬಣ್ಣದಲ್ಲಿ ಕಾಣ್ತದೆ, ನೀವು ಅದನ್ನು ಮಾತ್ರ ತಿದ್ದಿದ್ರೆ ಆಯ್ತು. ಟ್ರಾನ್ಸ್‌ಲೇಟ್‌ವಿಕಿ ಅನ್ನುವ ತಾಣ ನಡೆಯುದೂ ಇದರಲ್ಲೇ, ಮೀಡಿಯಾವಿಕಿಯ ಮೆನು, ಬಟನ್ ಎಲ್ಲ ಕನ್ನಡಕ್ಕೆ, ತುಳುವಿಗೆ ಆಗುದು ಅಲ್ಲಿ.

ಮತ್ತೆ ಎಲ್ಲವನ್ನೂ ಕನ್ನಡ ಮಾಡ್ಬೇಕಂತಿಲ್ಲ. ಸರ್ವರ್ ಸೆಟ್ಟಿಂಗ್ ಓದುವವರು ಇಂಗ್ಲಿಷಿನಲ್ಲೇ ಓದ್ತಾರೆ. ಕನ್ನಡದಲ್ಲಿ ಇರ್ಲೇಬೇಕಾದ ಪೇಜು ಬೇರೆ, ಉದಾಹರಣೆಗೆ ಕನ್ನಡ ಟೈಪ್ ಮಾಡುದು ಹೇಗೆ ಅಂತ. ಅದು ಅನುವಾದವೂ ಅಲ್ಲ, ಮೂಲವೇ ಕನ್ನಡದಲ್ಲಿ ಆಗ್ಬೇಕು, ಮತ್ತೆ ಅದೇ ಎಲ್ಲಕ್ಕಿಂತ ಹಳತಾಗಿರುದು. ಇನ್ನೂ ಬಹಳ ಕಡೆ ಬೇರೆ ಸಾಫ್ಟ್‌ವೇರ್ ಇಳಿಸಿ ಹಾಕಿ ಅಂತಲೇ ಉಂಟು, ವಿಂಡೋಸ್ 10ರಲ್ಲಿ 2019ರ ಮೇ ಅಪ್‌ಡೇಟ್‌ನಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ಒಳಗೇ ಬಂದಿದೆ. ಲಿನಕ್ಸಿನಲ್ಲಿ ಟೈಪಿಂಗ್ ಸಾಫ್ಟ್‌ವೇರ್ ಐಬಸ್ ಜೊತೆ ಎಂ17ಎನ್ ಹಾಕಿದ್ರೆ ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಸಿಗ್ತದೆ, ನುಡಿ ಕೀಲಿಮಣೆಯ ಅಭ್ಯಾಸ ಇದ್ದವರು ಅದನ್ನೇ ಹಿಡಿಯಬಹುದು. ಅದರ ಬುಡದಲ್ಲಿರುದು ನಮ್ಮ ಕಡೆಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರ ಕೆಲಸ, ಅದು ನಿಮಗೆ ನಾನು ಹೇಳ್ಬೇಕಾ. ತುಳು ವಿಕಿಪೀಡಿಯ 2016ರಲ್ಲಿ ಶುರುವಾದ ಮೇಲೆ ಕನ್ನಡ ಲಿಪಿಯಲ್ಲಿ ತುಳು ಬರೆಯುವವರಿಗೂ ಬೇಕಾದ್ದು ಇದೇ ಪೇಜು. ನಾಲ್ಕು ಪೇಜು ಆರಿಸ್ಕೊಳ್ಳಿ, ಅಷ್ಟನ್ನೇ ನೋಡ್ಕೊಳ್ಳಿ.

ಪ್ರಶ್ನೆ: ನಮ್ಮ ಬಳಗದ ವಿಕಿ ಶುರು ಮಾಡಿದ ಹುಡುಗ ದುಬೈಗೆ ಹೋದ. ಅಡ್ಮಿನ್ ಪಾಸ್‌ವರ್ಡ್, ಹೋಸ್ಟಿಂಗ್ ಎಲ್ಲ ಅವನ ಹತ್ರ. ಮೆಸೇಜಿಗೆ ವಾರಕ್ಕೊಮ್ಮೆ ಉತ್ತರ ಬರ್ತದೆ. ಎಂತ ಮಾಡುದು? (ಮೂಡುಬಿದಿರೆ)

ಉತ್ತರ: ಉತ್ತರ ಬರುವಾಗಲೇ ಕೆಲಸ ಮುಗಿಸಿ ಮಾರಾಯ್ರೆ. ಪೇಜು ಅಪ್‌ಡೇಟ್ ಮಾಡುದೆಲ್ಲ ಆಮೇಲೆ. ಜೆಂಟೂ ಲಿನಕ್ಸಿಗೆ ಬಳಕೆದಾರರೇ ಕಟ್ಟಿದ ದೊಡ್ಡ ವಿಕಿಯೊಂದಿತ್ತು, 2008ರಲ್ಲಿ ಅದರ ಡೇಟಾ ಹೋಯ್ತು, ಸರಿಯಾದ ಬ್ಯಾಕಪ್ ಇರ್ಲಿಲ್ಲ, ಜನ ಗೂಗಲ್‌ನ ಕ್ಯಾಶೆಯಲ್ಲಿ (ಉಳಿಸಿಟ್ಟ ನಕಲು) ಅಲ್ಲಿ ಇಲ್ಲಿ ಉಳಿದ ಪೇಜುಗಳನ್ನು ಹೆಕ್ಕಿ ತಂದು ಪುನಃ ಕಟ್ಟಬೇಕಾಯ್ತು.

ಅವನ ಹತ್ರ ಮೂರು ವಸ್ತು ಕೇಳಿ: ಡೇಟಾಬೇಸಿನ ಡಂಪ್ (ಇಡೀ ನಕಲು), ಇಮೇಜಸ್ ಫೋಲ್ಡರ್, ಮತ್ತೆ ಲೋಕಲ್‌ಸೆಟ್ಟಿಂಗ್ಸ್ ಅನ್ನುವ ಫೈಲು. ಇಷ್ಟಿದ್ರೆ ಬೇರೆ ಯಾವ ಸರ್ವರಿನಲ್ಲೂ ವಿಕಿಯನ್ನು ಎಬ್ಬಿಸಬಹುದು. ಡಂಪ್ ಬಂದ ಮೇಲೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಒಮ್ಮೆ ಹಾಕಿ ಓಡಿಸಿ ನೋಡಿ, ಫೈಲ್ ಇದೆ ಅಂತ ಸುಮ್ಮನೆ ಕೂರ್ಬೇಡಿ. ಊರಲ್ಲಿರುವ ಇಬ್ಬರಿಗೆ ಅಡ್ಮಿನ್ ಹಕ್ಕು ಕೊಡಿಸಿ, ಒಬ್ಬರಿಗೆ ಸಾಲದು. ಮತ್ತೆ ಡೊಮೈನ್ ಯಾವ ಈಮೇಲ್ ಹೆಸರಿನಲ್ಲಿ ಉಂಟು, ರಿನೀವಲ್ ಯಾವಾಗ ಅಂತ ಇವತ್ತೇ ಕೇಳಿ, ಅವನ ಹಳೇ ಕಾಲೇಜ್ ಈಮೇಲ್ ಆಗಿದ್ರೆ ರಿಮೈಂಡರ್ ಯಾರಿಗೂ ಮುಟ್ಟುದಿಲ್ಲ. ಅವನು ರಜೆಗೆ ಬಂದಾಗ ಮಾಡುವ ಅಂತ ಬಿಡ್ಬೇಡಿ, ರಜೆಗೆ ಬಂದವರಿಗೆ ಮದುವೆ, ಕೋಲ, ನೆಂಟರ ಮನೆ ಬಿಟ್ಟು ಬೇರೆ ಪುರುಸೊತ್ತು ಎಲ್ಲಿಂದ.